ಮರುತುಂಬಿದ ತೋಟಾಗಳಿಂದ ಗುರಿ ಅಭ್ಯಾಸದ ಖರ್ಚು ತಗ್ಗಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಗುರಿ ಹೊಡೆಯುವ ಕ್ರೀಡೆಗೆ ಇಳಿದವರಿಗೆ ಕೋವಿಯ ಬೆಲೆ ಒಮ್ಮೆ ತೆತ್ತರೆ ಮುಗಿಯುತ್ತದೆ. ತೋಟಾದ ಖರ್ಚು ಮಾತ್ರ ಮುಗಿಯುವುದೇ ಇಲ್ಲ. ವಾರಕ್ಕೆ ಎರಡು ಪೆಟ್ಟಿಗೆ ಖಾಲಿ ಮಾಡುವ ಹವ್ಯಾಸಿಯ ಒಂದೆರಡು ವರ್ಷಗಳ ತೋಟಾ ಖರ್ಚು ಕೋವಿಯ ಬೆಲೆಯನ್ನು ದಾಟಿ ಹೋದರೆ ಆಶ್ಚರ್ಯವಿಲ್ಲ. ಖರ್ಚು ತಗ್ಗಿಸಲು ಹಲವರು ಮಾಡುವುದು ಅಭ್ಯಾಸವನ್ನೇ ಕಡಿಮೆ ಮಾಡುವುದು. ನನ್ನ ದೃಷ್ಟಿಯಲ್ಲಿ ಅದು ಅತ್ಯಂತ ದುಬಾರಿ ಉಳಿತಾಯ, ಏಕೆಂದರೆ ಕೈ ತಪ್ಪಿದ ಗುರಿಯನ್ನು ಮತ್ತೆ ಹಿಡಿಯಲು ಇನ್ನಷ್ಟು ತೋಟಾಗಳೇ ಬೇಕಾಗುತ್ತವೆ. ಅದಕ್ಕಿಂತ ಒಳ್ಳೆಯ ದಾರಿ ಮರುತುಂಬಿದ ತೋಟಾ, ಅಂದರೆ ಹೊಡೆದ ತೋಟಾದಿಂದ ಉಳಿದ ಕೇಸಿಗೆ (ಹೊರಕವಚಕ್ಕೆ) ಮದ್ದು, ಗುಂಡು, ಕಿಡಿ ಹೊತ್ತಿಸುವ ಪ್ರೈಮರ್ ಹೊಸದಾಗಿ ತುಂಬಿ ಮತ್ತೆ ಸಿದ್ಧಪಡಿಸಿದ ತೋಟಾ.

ಈ ಬರಹ ಪರವಾನಗಿ ಇರುವ ತಯಾರಕರಿಂದ ಮರುತುಂಬಿದ ತೋಟಾಗಳನ್ನು ಆರಿಸಿ ಕೊಳ್ಳುವುದು, ಪರೀಕ್ಷಿಸುವುದು, ಖಾಲಿ ಕೇಸುಗಳಿಂದ ಹಣ ಉಳಿಸುವುದು ಇಷ್ಟನ್ನು ಹೇಳುತ್ತದೆ. ತೋಟಾ ತುಂಬುವ ಕೆಲಸವನ್ನು ಇಲ್ಲಿ ಕಲಿಸುತ್ತಿಲ್ಲ. ಅದಕ್ಕೆ ಪ್ರಕಟಿತ ಅಳತೆ ಕೋಷ್ಟಕ, ಯಂತ್ರ, ಬಲ್ಲವರ ಎದುರು ಕುಳಿತು ಪಡೆದ ತರಬೇತಿ ಬೇಕು. ಅನೇಕ ದೇಶಗಳಲ್ಲಿ ಪ್ರತ್ಯೇಕ ಪರವಾನಗಿಯೂ ಬೇಕು. ಕೆಲವು ಕಡೆ ಬಿಡಿ ಪ್ರೈಮರ್ ಅಥವಾ ಖಾಲಿ ಕೇಸು ಇಟ್ಟುಕೊಳ್ಳುವುದಕ್ಕೂ ನಿಯಮಗಳಿವೆ. ಹೀಗಾಗಿ ಮುಂದಿನ ಯಾವ ಹೆಜ್ಜೆಗೂ ಮೊದಲು ನೀವು ಇರುವ ಕಡೆಯ ಕಾನೂನನ್ನು ಓದಿಕೊಳ್ಳಿ. ನಿಮ್ಮ ಪರವಾನಗಿಯಲ್ಲಿ ಎಷ್ಟು ತೋಟಾ ಕೊಳ್ಳಬಹುದು, ಒಂದೇ ಸಲ ಎಷ್ಟು ಇಟ್ಟುಕೊಳ್ಳಬಹುದು ಎಂಬ ಮಿತಿಗಳನ್ನೂ ನೋಡಿಕೊಳ್ಳಿ.

ಉಳಿತಾಯ ಎಲ್ಲಿಂದ ಬರುತ್ತದೆ

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ: ಗುಂಡು, ಮದ್ದು, ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಇವೆಲ್ಲವನ್ನೂ ಹಿಡಿದಿಡುವ ಕೇಸು. ಹೊಡೆದ ಮೇಲೆ ಮೊದಲ ಮೂರೂ ಮುಗಿದವು. ಉಳಿಯುವುದು ಕೇಸು. ಅದು ಸಾಮಾನ್ಯವಾಗಿ ಶೇ 70ರಷ್ಟು ತಾಮ್ರ, ಶೇ 30ರಷ್ಟು ಸತು ಸೇರಿದ ಹಿತ್ತಾಳೆ. ಹೊಸ ತೋಟಾದಲ್ಲಿ ಹೆಚ್ಚಾಗಿ ಅತಿ ದುಬಾರಿ ಭಾಗವೂ ಇದೇ. ಹಿತ್ತಾಳೆಗೆ ಹಿಗ್ಗಿ ಮತ್ತೆ ಸ್ವಲ್ಪ ಕುಗ್ಗುವ ಗುಣವಿದೆ. ಮದ್ದು ಉರಿದಾಗ ಕೇಸು ಚೇಂಬರಿನ (ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗದ) ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ, ಒತ್ತಡ ಇಳಿದಾಗ ಸಡಿಲವಾಗಿ ಹೊರಬರುತ್ತದೆ. ಇದೇ ಗುಣದಿಂದ ಅದನ್ನು ಮತ್ತೆ ಅಳತೆಗೆ ತಂದು ಬಳಸಲು ಸಾಧ್ಯವಾಗುತ್ತದೆ. ಕಡಿಮೆ ಒತ್ತಡದ ಪಿಸ್ತೂಲು ಕೇಸುಗಳು ಹತ್ತಕ್ಕಿಂತ ಹೆಚ್ಚು ಸಲ ಬಳಕೆಯಾಗುವುದು ಸಾಮಾನ್ಯ. ರೈಫಲ್ ಕೇಸುಗಳ ಆಯುಸ್ಸು ಅದಕ್ಕಿಂತ ಕಡಿಮೆ.

ಆದರೆ ಎಲ್ಲ ತೋಟಾಗಳೂ ಮರುತುಂಬಲು ಬರುವುದಿಲ್ಲ. .22 ಎಲ್‌ಆರ್‌ನಂತಹ ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಕೇಸಿನ ಅಂಚಿನ ಒಳಗೇ ಇರುತ್ತದೆ, ಕೋವಿಯ ಬಡಿಯುವ ಪಿನ್ ತಾಗಿದಾಗ ಆ ಅಂಚು ಜಜ್ಜಿಹೋಗುತ್ತದೆ. ಅದು ಒಮ್ಮೆ ಬಳಸಿ ಬಿಡುವ ವಸ್ತು. ಉಕ್ಕು ಮತ್ತು ಅಲ್ಯೂಮಿನಿಯಂ ಕೇಸುಗಳನ್ನೂ ವಾಡಿಕೆಯಲ್ಲಿ ಮರುಬಳಸುವುದಿಲ್ಲ. ಮಧ್ಯದಲ್ಲಿ ಪ್ರೈಮರ್ ಇರುವ ಹಿತ್ತಾಳೆ ಕೇಸುಗಳಲ್ಲೂ ಎರಡು ಜಾತಿ. ಬಾಕ್ಸರ್ ಮಾದರಿಯಲ್ಲಿ ಕೇಸಿನ ತಳದಲ್ಲಿ ನಡುವೆ ಒಂದೇ ತೂತು ಇರುತ್ತದೆ, ಹಳೆಯ ಪ್ರೈಮರನ್ನು ಸುಲಭವಾಗಿ ತಳ್ಳಿ ತೆಗೆಯಬಹುದು. ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತುಗಳಿದ್ದು, ಪಿನ್ನಿನ ಏಟಿಗೆ ಪ್ರೈಮರ್ ಜಜ್ಜಿ ಕಿಡಿ ಹೊತ್ತಲು ಬೇಕಾದ ಅಡಿಗಲ್ಲು ಕೇಸಿನದೇ ಭಾಗವಾಗಿರುತ್ತದೆ. ಮರುತುಂಬುವವರು ಇದನ್ನು ದೂರವಿಡುತ್ತಾರೆ. ಖಾಲಿ ಕೇಸಿನೊಳಗೆ ಸಣ್ಣ ಟಾರ್ಚ್ ಬಿಟ್ಟು ನೋಡಿದರೆ ಇದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ಶಾಟ್‌ಗನ್ ತೋಟಾಗಳ ಪ್ಲಾಸ್ಟಿಕ್ ಕೊಳವೆಗಳನ್ನೂ ಮರುತುಂಬುತ್ತಾರೆ. ಆದರೆ ತಟ್ಟೆ ಹೊಡೆಯುವ ಅಭ್ಯಾಸಕ್ಕೆ ಬಳಸುವ 12 ಬೋರ್ ತೋಟಾಗಳು ಹೊಸದಾಗಿಯೇ ಅಗ್ಗ. ಅಲ್ಲಿ ಉಳಿತಾಯ ಹುಡುಕುವ ಶ್ರಮ ಫಲ ಕೊಡುವುದು ಅಪರೂಪ.

ಮೊದಲ ಹೆಜ್ಜೆ: ನಿಜವಾದ ಲೆಕ್ಕ

ಪೆಟ್ಟಿಗೆಯ ಮೇಲಿನ ಬೆಲೆ ನೋಡಿ ನಿರ್ಧರಿಸುವವರು ಎರಡು ಕಡೆ ಎಡವುತ್ತಾರೆ. ಹೊಸ ತೋಟಾಗಳ ಒಂದು ಪೆಟ್ಟಿಗೆಗೆ 100, ಮರುತುಂಬಿದ ಪೆಟ್ಟಿಗೆಗೆ 70 ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಉಳಿತಾಯ 30 ಎನ್ನಿಸುತ್ತದೆ. ಈಗ ಖಾಲಿ ಕೇಸುಗಳ ಬೆಲೆಯನ್ನು ಸೇರಿಸಿ. ಹೊಸ ತೋಟಾ ಹೊಡೆದ ಮೇಲೆ ನಿಮ್ಮ ಬಳಿ ಉಳಿಯುವುದು ಒಂದೇ ಸಲ ಬಳಕೆಯಾದ ಕೇಸು. ಕೊಳ್ಳುವವರು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ, 12 ಎನ್ನೋಣ. ಮರುತುಂಬಿದ ತೋಟಾದ ಕೇಸು ಎಷ್ಟು ಸಲ ಬಳಕೆಯಾಗಿದೆ ಎಂಬುದು ಯಾರಿಗೂ ಖಚಿತವಿಲ್ಲದಿದ್ದರೆ ಅದಕ್ಕೆ 5 ಸಿಕ್ಕರೆ ಹೆಚ್ಚು. ಈಗ ಹೊಸದರ ಖರ್ಚು 88, ಮರುತುಂಬಿದ್ದರ ಖರ್ಚು 65. ಉಳಿತಾಯ 23ಕ್ಕೆ ಇಳಿಯಿತು. ಇದರಲ್ಲಿ ಸಾಗಣೆ ವೆಚ್ಚವನ್ನೂ ಕಳೆಯಿರಿ. ತೋಟಾ ಭಾರವಾದ ಸರಕು, ಸಾಗಣೆಯಲ್ಲಿ ಅಪಾಯಕಾರಿ ವಸ್ತುಗಳ ವರ್ಗಕ್ಕೆ ಸೇರಿದ್ದು. ಸಣ್ಣ ಆದೇಶಗಳಲ್ಲಿ ಸಾಗಣೆಯೇ ಲಾಭವನ್ನು ತಿಂದುಬಿಡುತ್ತದೆ.

ಎರಡನೆಯದು ಹೊತ್ತಿಕೊಳ್ಳದ, ಸಿಕ್ಕಿಕೊಳ್ಳುವ, ತಪಾಸಣೆಯಲ್ಲೇ ತೆಗೆದಿಡಬೇಕಾದ ತೋಟಾಗಳು. ನೂರರಲ್ಲಿ ಮೂರು ಹಾಗೆ ಹೋದರೆ ಹಣದ ನಷ್ಟ ಸಣ್ಣದು. ಆದರೆ ಅಷ್ಟು ದೋಷವಿರುವ ಸರಕನ್ನು ಯಾವ ಬೆಲೆಗೂ ಕೊಳ್ಳಬಾರದು, ಏಕೆಂದರೆ ಕಣ್ಣಿಗೆ ಕಂಡ ಮೂರು ದೋಷಗಳು ಕಾಣದ ನಾಲ್ಕನೆಯದಕ್ಕೆ ಸಾಕ್ಷಿ ಹೇಳುತ್ತವೆ.

ಈ ಲೆಕ್ಕವನ್ನು ನಿಮ್ಮ ತೋಟಾದ ಜಾತಿಗೆ ಹಾಕಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. 9 ಎಂಎಂನಂತೆ ಕೋಟಿಗಟ್ಟಲೆ ತಯಾರಾಗುವ ತೋಟಾಗಳಲ್ಲಿ ಅಂತರ ಚಿಕ್ಕದು. .38 ಸ್ಪೆಷಲ್, .45 ಎಸಿಪಿ, .44 ಮ್ಯಾಗ್ನಮ್ ಮತ್ತು ಮಾರುಕಟ್ಟೆಯಲ್ಲಿ ಅಪರೂಪವಾದ ರೈಫಲ್ ತೋಟಾಗಳಲ್ಲಿ ಅಂತರ ದೊಡ್ಡದು. ಹೊಸದು ಎಷ್ಟು ವಿರಳವೋ ಮರುತುಂಬಿದ್ದರ ಲಾಭ ಅಷ್ಟು ಹೆಚ್ಚು.

ಎರಡನೆಯ ಹೆಜ್ಜೆ: ಕೋವಿಯ ಕೈಪಿಡಿ

ಬಹಳಷ್ಟು ಕೋವಿ ತಯಾರಕರು ಮರುತುಂಬಿದ ತೋಟಾ ಬಳಸಿದರೆ ಖಾತರಿ ಅನ್ವಯಿಸುವುದಿಲ್ಲ ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ. ಕೋವಿ ಹೊಸದಾಗಿದ್ದರೆ ಈ ಸಾಲು ನಿಮ್ಮ ಲೆಕ್ಕಕ್ಕೆ ಸೇರಲೇಬೇಕು. ಪಾಲಿಗೋನಲ್ ರೈಫ್ಲಿಂಗ್ ಇರುವ, ಅಂದರೆ ಒಳಗೆ ಚೂಪು ಅಂಚಿನ ಗೀರುಗಳ ಬದಲು ದುಂಡಗಿನ ಬಹುಭುಜ ಆಕಾರವಿರುವ ನಳಿಗೆಗಳಲ್ಲಿ ಹೊದಿಕೆಯಿಲ್ಲದ ಸೀಸದ ಗುಂಡು ಬಳಸಬೇಡಿ ಎಂಬ ಎಚ್ಚರಿಕೆಯೂ ಇರುತ್ತದೆ. ಸೀಸ ನಳಿಗೆಯಲ್ಲಿ ಅಂಟಿಕೊಳ್ಳುತ್ತಾ ಹೋದರೆ ಒತ್ತಡ ಏರುತ್ತದೆ. ಅಗ್ಗದ ಮರುತುಂಬಿದ ತೋಟಾಗಳಲ್ಲಿ ಎರಕದ ಸೀಸದ ಗುಂಡು ಬಹಳ ಸಾಮಾನ್ಯವಾದ್ದರಿಂದ ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಕೋವಿಯ ಬಗೆಗೂ ಬೇಡಿಕೆಗಳು ಬೇರೆ. ಕೊಳವೆಯಾಕಾರದ ಮ್ಯಾಗಜಿನ್ ಇರುವ ಲಿವರ್ ರೈಫಲ್‌ನಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಅಲ್ಲಿ ಗಟ್ಟಿ ಮೊನೆಯ ಚೂಪು ಗುಂಡು ಮುಂದಿನ ತೋಟಾದ ಪ್ರೈಮರಿಗೆ ಕುಟ್ಟಿ ಅನಾಹುತವಾಗಬಹುದು, ಆದ್ದರಿಂದ ಚಪ್ಪಟೆ ಮೂತಿಯ ಗುಂಡೇ ಬೇಕು. ಹಗುರ ರಿವಾಲ್ವರಿನಲ್ಲಿ ಹಿಂದೇಟಿನ ರಭಸಕ್ಕೆ ಉಳಿದ ತೋಟಾಗಳ ಗುಂಡುಗಳು ಮುಂದಕ್ಕೆ ಸರಿದು ಸಿಲಿಂಡರ್ ತಿರುಗದಂತೆ ಮಾಡಬಹುದು. ಅಲ್ಲಿ ಕೇಸಿನ ಬಾಯಿ ಗುಂಡನ್ನು ಬಿಗಿಯಾಗಿ ಕಚ್ಚಿರಬೇಕು. ಅರೆ ಸ್ವಯಂಚಾಲಿತ ರೈಫಲ್‌ಗಳ ಪೈಕಿ ಸ್ಪ್ರಿಂಗ್ ಇಲ್ಲದೆ ತೇಲುವ ಪಿನ್ ಇರುವವಕ್ಕೆ ಮೃದು ಪ್ರೈಮರ್ ಅಥವಾ ಸ್ವಲ್ಪ ಹೊರಗೆ ನಿಂತ ಪ್ರೈಮರ್ ಅಪಾಯಕಾರಿ, ಬೋಲ್ಟ್ (ಚೇಂಬರಿಗೆ ಹಿಂದಿನಿಂದ ಬಾಗಿಲಾಗುವ ಭಾಗ) ಮುಚ್ಚಿದ ರಭಸಕ್ಕೇ ತೋಟಾ ಹಾರಬಹುದು. ನಿಮ್ಮ ಕೋವಿಯ ಹೆಸರನ್ನು ಮಾರಾಟಗಾರರಿಗೆ ಹೇಳಿ, ಅದಕ್ಕೆ ಸರಿಹೊಂದುವ ತೋಟಾ ಎಂದು ಅವರಿಂದ ಬರಹದಲ್ಲಿ ಪಡೆಯಿರಿ.

ಮೂರನೆಯ ಹೆಜ್ಜೆ: ಯಾರಿಂದ ಕೊಳ್ಳುವುದು

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಮರುತುಂಬಿದ ತೋಟಾ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಸರಕುಗಳು ಓಡಾಡುತ್ತವೆ.

ಮೊದಲನೆಯದು ದೊಡ್ಡ ಕಾರ್ಖಾನೆಯಲ್ಲಿ ತಯಾರಾದದ್ದು. ಅಲ್ಲಿ ಕೇಸುಗಳನ್ನು ಯಂತ್ರ ವಿಂಗಡಿಸುತ್ತದೆ, ಮದ್ದಿನ ಮಟ್ಟವನ್ನು ಸಂವೇದಕ ನೋಡುತ್ತದೆ, ಪ್ರತಿ ತಂಡದ (ಒಟ್ಟಿಗೆ ತಯಾರಾದ ತೋಟಾಗಳ ಗುಂಪಿನ, ಅಂದರೆ ಬ್ಯಾಚಿನ) ಮಾದರಿಗಳನ್ನು ಒತ್ತಡ ಅಳೆಯುವ ನಳಿಗೆಯಲ್ಲಿ ಹೊಡೆದು ಪರೀಕ್ಷಿಸುತ್ತಾರೆ, ಪೆಟ್ಟಿಗೆಯ ಮೇಲೆ ತಂಡದ ಸಂಖ್ಯೆ ಇರುತ್ತದೆ. ಎರಡನೆಯದು ಪರವಾನಗಿ ಇರುವ ಸಣ್ಣ ತಯಾರಕರದ್ದು. ಇವರಲ್ಲಿ ಗುಣಮಟ್ಟ ತಯಾರಕರ ಶಿಸ್ತನ್ನು ಅವಲಂಬಿಸಿದೆ. ಕೆಲವರು ಕಾರ್ಖಾನೆಗಿಂತ ಒಳ್ಳೆಯ ತೋಟಾ ಕೊಡುತ್ತಾರೆ, ಕೆಲವರದ್ದನ್ನು ಮುಟ್ಟಬಾರದು. ಮೂರನೆಯದು ಪರಿಚಯದವರು ತಮಗಾಗಿ ತುಂಬಿಕೊಂಡು ನಿಮಗೂ ಒಂದಿಷ್ಟು ಕೊಡುವ ತೋಟಾ. ಇದನ್ನು ಪುಕ್ಕಟೆ ಕೊಟ್ಟರೂ ಹೊಡೆಯಬೇಡಿ. ಕೊಡುವವರ ಪ್ರಾಮಾಣಿಕತೆ ಇಲ್ಲಿ ಪ್ರಶ್ನೆಯಲ್ಲ. ಆ ತೋಟಾ ಅವರ ಕೋವಿಗೆ ಹೊಂದಿಸಿದ್ದು, ಅದರ ಹಿಂದೆ ಪರೀಕ್ಷೆಯ ದಾಖಲೆ ಇಲ್ಲ, ತಪ್ಪಾದರೆ ಹೊಣೆ ಹೊರುವ ವ್ಯವಸ್ಥೆಯೂ ಇಲ್ಲ. ಜೊತೆಗೆ ಪರವಾನಗಿ ಇಲ್ಲದವರು ತೋಟಾ ತುಂಬಿ ಮಾರುವುದು ಅನೇಕ ಕಡೆ ಅಪರಾಧ.

ಮೊದಲ ಎರಡು ವರ್ಗದವರನ್ನು ಈ ಪ್ರಶ್ನೆಗಳಿಂದ ಅಳೆಯಿರಿ. ತಯಾರಿಕಾ ಪರವಾನಗಿ ಇದೆಯೇ, ಅಪಘಾತ ವಿಮೆ ಇದೆಯೇ? ಕೇಸುಗಳು ಒಮ್ಮೆ ಬಳಕೆಯಾದವೋ, ಎಲ್ಲೆಲ್ಲಿಂದಲೋ ಗುಡ್ಡೆ ಹಾಕಿ ತಂದವೋ? ಒತ್ತಡವನ್ನು ಎಸ್‌ಎಎಎಂಐ ಅಥವಾ ಸಿಐಪಿ ಮಿತಿಗೆ ಹೊಂದಿಸಿದ್ದಾರೆಯೇ? ತೋಟಾಗಳ ಅಳತೆ ಮತ್ತು ಗರಿಷ್ಠ ಒತ್ತಡವನ್ನು ನಿಗದಿ ಮಾಡುವ ಎರಡು ಮುಖ್ಯ ಸಂಸ್ಥೆಗಳಿವು. ಮೊದಲನೆಯದು ಅಮೆರಿಕದ ತಯಾರಕರ ಸಂಘ, ಎರಡನೆಯದು 1914ರಲ್ಲಿ ಬೆಲ್ಜಿಯಂನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆಯೋಗ. ಕೊನೆಯದಾಗಿ, ಕೆಟ್ಟ ತಂಡ ಬಂದರೆ ಹಿಂದಕ್ಕೆ ಪಡೆಯುತ್ತಾರೆಯೇ? ಈ ಪ್ರಶ್ನೆಗಳಿಗೆ ಸಿಡುಕುವ ಮಾರಾಟಗಾರರನ್ನು ಬಿಟ್ಟು ಮುಂದೆ ಹೋಗಿ. ಒಳ್ಳೆಯ ತಯಾರಕರು ತಮ್ಮ ತಪಾಸಣೆಯ ಬಗ್ಗೆ ನೀವು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ.

ರೈಫಲ್ ಇರುವವರಿಗೆ ಇನ್ನೊಂದು ದಾರಿಯಿದೆ. ಕೆಲವು ಪರವಾನಗಿದಾರರು ನಿಮ್ಮದೇ ಕೇಸುಗಳನ್ನು ಪಡೆದು ತುಂಬಿ ಹಿಂದಿರುಗಿಸುತ್ತಾರೆ. ನಿಮ್ಮ ಚೇಂಬರಿನಲ್ಲಿ ಒಮ್ಮೆ ಹಾರಿದ ಕೇಸು ಅದರ ಆಕಾರಕ್ಕೇ ಹಿಗ್ಗಿರುತ್ತದೆ. ಅದನ್ನು ಅಗತ್ಯಕ್ಕಿಂತ ಹೆಚ್ಚು ಕುಗ್ಗಿಸದೆ ತುಂಬಿದರೆ ಹಿತ್ತಾಳೆಗೆ ಪ್ರತಿ ಸಲವೂ ಎಳೆತ ಕಡಿಮೆ, ಆಯುಸ್ಸು ಹೆಚ್ಚು, ಗುರಿಯೂ ಬಿಗಿ. ಬೋಲ್ಟ್ ರೈಫಲ್‌ನಲ್ಲಿ ದೂರದ ಗುರಿ ಹೊಡೆಯುವವರಿಗೆ ನಾನು ಹೇಳುವ ಮೊದಲ ಆಯ್ಕೆ ಇದು.

ನಾಲ್ಕನೆಯ ಹೆಜ್ಜೆ: ಒಂದೇ ಪೆಟ್ಟಿಗೆ, ಒಂದೊಂದೇ ತೋಟಾ

ಮೊದಲ ಸಲ ಸಾವಿರ ಕೊಳ್ಳಬೇಡಿ, ರಿಯಾಯಿತಿ ಎಷ್ಟೇ ಇರಲಿ. ಒಂದು ಪೆಟ್ಟಿಗೆ ತಂದು ಒಳ್ಳೆಯ ಬೆಳಕಿನಲ್ಲಿ, ಕೋವಿಯನ್ನು ಬೇರೆ ಕಡೆ ಇಟ್ಟು, ತೋಟಾಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳಿ.

ಮೊದಲು ತಳ. ಪ್ರೈಮರಿನ ಮೇಲೆ ಬೆರಳ ತುದಿ ಆಡಿಸಿ. ಅದು ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು, ಸುಮಾರು 0.1 ಮಿಲಿಮೀಟರ್. ಉಗುರಿಗೆ ಉಬ್ಬು ತಾಗಿದರೆ ಆ ತೋಟಾವನ್ನು ಬದಿಗಿಡಿ. ಪ್ರೈಮರ್ ಓರೆಯಾಗಿದೆಯೇ, ಜಜ್ಜಿದೆಯೇ, ತಲೆಕೆಳಗಾಗಿದೆಯೇ ನೋಡಿ. ನಂತರ ಕೇಸಿನ ಗೋಡೆ. ಬಾಯಿಯ ಬಳಿ ಉದ್ದುದ್ದಕ್ಕೆ ಕೂದಲಿನಂತಹ ಸೀಳಿದ್ದರೆ ಹಿತ್ತಾಳೆ ಗಡುಸಾಗಿ ದಣಿದಿದೆ ಎಂದರ್ಥ. ರೈಫಲ್ ಕೇಸಿನಲ್ಲಿ ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಸಣ್ಣ ಉಂಗುರ ಕಂಡರೆ ಇನ್ನೂ ಎಚ್ಚರ ಬೇಕು. ಒಳಗಿನ ಗೋಡೆ ತೆಳುವಾಗಿ, ಮುಂದಿನ ಹೊಡೆತಕ್ಕೆ ತಳ ಕಳಚಿ ಬೇರ್ಪಡುವ ಹಂತಕ್ಕೆ ಬಂದಿರುವ ಕೇಸು ಅದು. ತಳದ ಬಳಿ ಒಂದು ಬದಿಗೆ ಊದಿಕೊಂಡಿದ್ದರೂ ಬೇಡ.

ನಂತರ ಗುಂಡು. ಹೆಬ್ಬೆರಳಿನಿಂದ ಗುಂಡನ್ನು ಒಳಕ್ಕೆ ಒತ್ತಿದರೆ ಅದು ಕದಲಬಾರದು. ಪಿಸ್ತೂಲು ತೋಟಾದಲ್ಲಿ ಗುಂಡು ಒಳಕ್ಕೆ ಸರಿದರೆ ಮದ್ದಿಗೆ ಉಳಿದ ಜಾಗ ಕುಗ್ಗಿ ಒತ್ತಡ ಒಮ್ಮೆಲೇ ಏರುತ್ತದೆ. ಕ್ಯಾಲಿಪರಿನಿಂದ ಹತ್ತಾರು ತೋಟಾಗಳ ಉದ್ದ ಅಳೆದು ಬರೆದುಕೊಳ್ಳಿ. 9 ಎಂಎಂ ತೋಟಾದ ಗರಿಷ್ಠ ಉದ್ದ 29.69 ಮಿಲಿಮೀಟರ್, .223 ರೆಮಿಂಗ್ಟನ್‌ದು 57.40. ಗರಿಷ್ಠ ದಾಟಿದ್ದಕ್ಕಿಂತ ಒಂದೇ ಪೆಟ್ಟಿಗೆಯೊಳಗೆ ಉದ್ದ ಅತ್ತಿತ್ತ ಓಲಾಡುತ್ತಿರುವುದೇ ಹೆಚ್ಚು ಕೆಟ್ಟ ಸೂಚನೆ. ಒಂದು ತೋಟಾವನ್ನು ಅಳೆದು, ಮೈದಾನದಲ್ಲಿ ಒಮ್ಮೆ ಚೇಂಬರಿಗೆ ತುಂಬಿ ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಕುಗ್ಗಿದ್ದರೆ ಗುಂಡಿನ ಹಿಡಿತ ಸಾಲದು.

ಕೊನೆಗೆ ಗೇಜ್. ಚೇಂಬರ್ ಗೇಜ್ ಎಂಬ ಉಕ್ಕಿನ ಸಣ್ಣ ತುಂಡು ಅಗ್ಗವಾಗಿ ಸಿಗುತ್ತದೆ. ತೋಟಾ ತನ್ನ ಭಾರಕ್ಕೇ ಅದರೊಳಗೆ ಇಳಿದು, ಬುಡಮೇಲು ಮಾಡಿದಾಗ ತಾನಾಗಿಯೇ ಬೀಳಬೇಕು. ತಳ್ಳಬೇಕಾಗಿ ಬಂದದ್ದು ಕೋವಿಯಲ್ಲೂ ಸಿಕ್ಕಿಕೊಳ್ಳುತ್ತದೆ.

ಒಂದು ನಂಬಿಕೆಯನ್ನು ಇಲ್ಲೇ ತೊಡೆದುಹಾಕಬೇಕು. ತೋಟಾವನ್ನು ಕಿವಿಯ ಬಳಿ ಅಲುಗಾಡಿಸಿ ಅಥವಾ ತಕ್ಕಡಿಯಲ್ಲಿ ತೂಗಿ ಮದ್ದು ಸರಿಯಿದೆಯೇ ತಿಳಿಯಬಹುದು ಎಂದು ಹಲವರು ಹೇಳುತ್ತಾರೆ. ಪಿಸ್ತೂಲು ತೋಟಾದಲ್ಲಿ ಮದ್ದಿನ ತೂಕ ಕೆಲವೇ ಗ್ರೇನ್, ಒಂದು ಗ್ರೇನ್ ಎಂದರೆ 0.065 ಗ್ರಾಂ. ಬೇರೆ ಬೇರೆ ತಯಾರಕರ ಕೇಸು ಮತ್ತು ಗುಂಡುಗಳ ತೂಕದಲ್ಲೇ ಅಷ್ಟು ವ್ಯತ್ಯಾಸ ಇರಬಲ್ಲದು. ಮದ್ದು ಬೀಳದ ತೋಟಾ, ಎರಡು ಪಟ್ಟು ಬಿದ್ದ ತೋಟಾ ಎರಡೂ ಈ ತೂಕದ ಪರೀಕ್ಷೆಯನ್ನು ದಾಟಿಬಿಡಬಹುದು. ಈ ದೋಷವನ್ನು ತಡೆಯುವ ಜಾಗ ತಯಾರಕರ ಮೇಜು, ನಿಮ್ಮ ತಕ್ಕಡಿಯಲ್ಲ. ಮೂರನೆಯ ಹೆಜ್ಜೆಗೆ ನಾನು ಅಷ್ಟು ಒತ್ತು ಕೊಟ್ಟಿದ್ದು ಇದಕ್ಕಾಗಿಯೇ.

ಐದನೆಯ ಹೆಜ್ಜೆ: ಮೈದಾನದಲ್ಲಿ ಪರೀಕ್ಷೆ

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದೆ ಹೊಡೆಯಬಾರದು ಎಂಬುದು ಎಲ್ಲ ತೋಟಾಗಳಿಗೂ ಅನ್ವಯಿಸುವ ಮಾತು. ಹೊಸ ಮಾರಾಟಗಾರರ ಮೊದಲ ಪೆಟ್ಟಿಗೆಗೆ ಇನ್ನೂ ಹೆಚ್ಚು. ಮೊದಲ ಕೆಲವನ್ನು ಮ್ಯಾಗಜಿನ್‌ಗೆ ಒಂದೊಂದೇ ಹಾಕಿ ಹೊಡೆಯಿರಿ. ಪ್ರತಿ ಸಲವೂ ಹೊರಬಿದ್ದ ಕೇಸನ್ನು ಎತ್ತಿ ನೋಡಿ. ಪ್ರೈಮರಿನ ಅಂಚು ಕರಗಿದಂತೆ ಚಪ್ಪಟೆಯಾಗಿದೆಯೇ? ಪಿನ್ ಬಡಿದ ಗುಳಿಯ ಸುತ್ತ ದಂಡೆ ಎದ್ದಿದೆಯೇ? ತಳದ ಮೇಲೆ, ಕೇಸನ್ನು ಹೊರಗೆಸೆಯುವ ಎಜೆಕ್ಟರಿನ ಹೊಳೆಯುವ ಗುರುತು ಬಿದ್ದಿದೆಯೇ? ಬೋಲ್ಟ್ ಎತ್ತಲು ಬಲ ಹಾಕಬೇಕಾಯಿತೇ? ಇವು ಒತ್ತಡ ಮಿತಿಮೀರಿದ್ದರ ಲಕ್ಷಣಗಳು. ಒಂದೇ ಲಕ್ಷಣ ಕೆಲವೊಮ್ಮೆ ಮೃದು ಪ್ರೈಮರಿನಿಂದಲೂ ಬರಬಹುದು, ಎರಡು ಒಟ್ಟಿಗೆ ಕಂಡರೆ ಚರ್ಚೆಯೇ ಬೇಡ: ಆ ತಂಡವನ್ನು ನಿಲ್ಲಿಸಿ, ಉಳಿದದ್ದನ್ನು ತಂಡದ ಸಂಖ್ಯೆಯೊಡನೆ ತಯಾರಕರಿಗೆ ಹಿಂದಿರುಗಿಸಿ.

ಅತಿ ಕಡಿಮೆ ಮದ್ದಿನ ಅಪಾಯ ಅತಿ ಹೆಚ್ಚಿನ ಮದ್ದಿನಷ್ಟೇ ಘೋರ. ಮದ್ದಿಲ್ಲದ ತೋಟಾದಲ್ಲಿ ಪ್ರೈಮರ್ ಒಂದೇ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ನಿಲ್ಲಿಸಿಬಿಡುತ್ತದೆ. ಸದ್ದು ಢಂ ಎನ್ನುವ ಬದಲು ಟಪ್ ಎನ್ನುತ್ತದೆ, ಹಿಂದೇಟು ಬರುವುದಿಲ್ಲ, ಗುರಿಯ ಹಾಳೆಯಲ್ಲಿ ಹೊಸ ತೂತು ಕಾಣುವುದಿಲ್ಲ. ವೇಗವಾಗಿ ಹೊಡೆಯುವ ಅಭ್ಯಾಸದಲ್ಲಿ ಕೈ ತಾನಾಗಿಯೇ ಮುಂದಿನ ತೋಟಾವನ್ನು ಚೇಂಬರಿಗೆ ತಂದು ಬಿಡುತ್ತದೆ. ಎರಡನೆಯ ಗುಂಡು ಮೊದಲನೆಯದಕ್ಕೆ ಬಡಿದರೆ ನಳಿಗೆ ಊದಿಕೊಳ್ಳುತ್ತದೆ ಅಥವಾ ಒಡೆಯುತ್ತದೆ. ಆದ್ದರಿಂದ ಸದ್ದು, ಹಿಂದೇಟು, ಹೊಗೆ ಯಾವುದರಲ್ಲಿ ವ್ಯತ್ಯಾಸ ಕಂಡರೂ ಬೆರಳು ಟ್ರಿಗರಿನಿಂದ ಆಚೆ. ಮೂತಿಯನ್ನು ಗುರಿಯ ಕಡೆಗೇ ಇಟ್ಟು ಕಾಯಿರಿ, ಮ್ಯಾಗಜಿನ್ ತೆಗೆಯಿರಿ, ಚೇಂಬರ್ ಖಾಲಿ ಮಾಡಿ, ನಂತರ ಹಿಂಬದಿಯಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ ಅಥವಾ ಸರಳು ಹಾಯಿಸಿ ಪರೀಕ್ಷಿಸಿ. ಗುಂಡು ಸಿಕ್ಕಿಕೊಂಡಿದ್ದರೆ ಅದನ್ನು ಕೋವಿ ದುರಸ್ತಿಗಾರರು ತೆಗೆಯಲಿ. ಇನ್ನೊಂದು ತೋಟಾ ಹೊಡೆದು ತಳ್ಳುವ ಯೋಚನೆ ಮನಸ್ಸಿಗೂ ಬರಬಾರದು.

ಟ್ರಿಗರ್ ಒತ್ತಿದರೂ ಏನೂ ಆಗದಿದ್ದರೆ ಕನಿಷ್ಠ 30 ಸೆಕೆಂಡು ಮೂತಿಯನ್ನು ಗುರಿಯತ್ತಲೇ ಹಿಡಿದಿರಿ. ಪ್ರೈಮರ್ ತಡವಾಗಿ ಹೊತ್ತಿಕೊಳ್ಳುವುದುಂಟು.

ಸುರಕ್ಷತೆ ಖಚಿತವಾದ ಮೇಲೆ ಗುಣಮಟ್ಟ ನೋಡಿ. ವೇಗಮಾಪಕ ಯಂತ್ರದ ಮುಂದೆ ಹತ್ತು ತೋಟಾ ಹೊಡೆದರೆ ಅತಿ ವೇಗದ ಮತ್ತು ಅತಿ ನಿಧಾನದ ಗುಂಡುಗಳ ಅಂತರ ಗೊತ್ತಾಗುತ್ತದೆ. ಐಪಿಎಸ್‌ಸಿ ಮಾದರಿಯ, ಓಡಾಡುತ್ತಾ ವೇಗವಾಗಿ ಹಲವು ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗೆ ಈ ಅಳತೆ ಅತ್ಯಗತ್ಯ. ಅಲ್ಲಿ ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ತೆಗೆದುಕೊಂಡು ಗುಣಿಸಿ 1000ದಿಂದ ಭಾಗಿಸುತ್ತಾರೆ, ಕಡಿಮೆ ಬಲದ ತೋಟಾಗಳ ಮೈನರ್ ವರ್ಗಕ್ಕೆ ಅದು ಕನಿಷ್ಠ 125 ಬರಬೇಕು. 124 ಗ್ರೇನ್ ಗುಂಡು 1010 ಅಡಿ ವೇಗದಲ್ಲಿ ಹೋದರೆ 125.2, ಸರಿಯಾಗಿ ಹೊಸಿಲ ಮೇಲೆ. ಅಗ್ಗದ ತಂಡದಲ್ಲಿ ವೇಗ ಅಡಿಗಡಿಗೆ ಏರಿಳಿದರೆ ಪರೀಕ್ಷಾ ಮೇಜಿನಲ್ಲೇ ಸ್ಪರ್ಧೆ ಕೈತಪ್ಪುತ್ತದೆ. ಸ್ವಲ್ಪ ಅಂಚು ಬಿಟ್ಟು ತಯಾರಾದ ತಂಡವನ್ನೇ ಆರಿಸಿ.

ಆರನೆಯ ಹೆಜ್ಜೆ: ಖಾಲಿ ಕೇಸು ಹಣವೇ

ಮೈದಾನದ ನಿಯಮ ಒಪ್ಪಿದರೆ ನಿಮ್ಮ ಕೇಸುಗಳನ್ನು ನೀವೇ ಎತ್ತಿಕೊಳ್ಳಿ. ನೆಲಕ್ಕೆ ಒಂದು ಬಟ್ಟೆ ಹಾಸಿ ಹೊಡೆದರೆ ನಿಮ್ಮವು ಬೇರೆಯವರವುಗಳೊಡನೆ ಬೆರೆಯುವುದಿಲ್ಲ. ಬೆರೆತ ಗುಡ್ಡೆಗೆ ಬೆಲೆ ಕಡಿಮೆ. ಅದಕ್ಕೆ ಕಾರಣವೂ ಇದೆ: 9 ಎಂಎಂ ರಾಶಿಯಲ್ಲಿ .380 ಕೇಸು ನುಸುಳುತ್ತದೆ; .45 ಎಸಿಪಿಯಲ್ಲಿ ಸಣ್ಣ ಪ್ರೈಮರಿನದೂ ದೊಡ್ಡ ಪ್ರೈಮರಿನದೂ ಇವೆ. ಸೈನ್ಯದ ಕೇಸುಗಳಲ್ಲಿ ಪ್ರೈಮರನ್ನು ಅಂಚು ಮಡಿಸಿ ಬಿಗಿದಿರುತ್ತಾರೆ, ಅದನ್ನು ತೆಗೆಯುವುದು ಹೆಚ್ಚುವರಿ ಕೆಲಸ. ತಳದ ಮೇಲಿನ ಅಚ್ಚಿನ ಗುರುತು ನೋಡಿ ತಯಾರಕವಾರು ವಿಂಗಡಿಸಿ, ಎಷ್ಟು ಸಲ ಬಳಕೆಯಾಗಿದೆ ಎಂದು ಚೀಟಿ ಅಂಟಿಸಿ ಇಟ್ಟ ಕೇಸುಗಳಿಗೆ ಯಾವ ಮರುತುಂಬುವವರೂ ಹೆಚ್ಚು ಕೊಡಲು ಹಿಂಜರಿಯುವುದಿಲ್ಲ. ಹಲವರು ಹಣದ ಬದಲು ಮುಂದಿನ ಖರೀದಿಯಲ್ಲಿ ಕಡಿತ ಕೊಡುತ್ತಾರೆ, ಅದು ಇನ್ನೂ ಲಾಭ.

ಕೇಸು ಫಳಫಳ ಹೊಳೆಯಬೇಕೆಂದು ಮನೆಯ ಹಿತ್ತಾಳೆ ಪಾಲಿಶ್ ಹಚ್ಚಬೇಡಿ. ಅವುಗಳಲ್ಲಿ ಹಲವಕ್ಕೆ ಅಮೋನಿಯಾ ಸೇರಿರುತ್ತದೆ, ಅಮೋನಿಯಾ ಎಂದರೆ ಹಿತ್ತಾಳೆಗೆ ವಿಷ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ, ಹಿತ್ತಾಳೆಯೊಳಗೆ ಉಳಿದಿದ್ದ ಎಳೆತ ಮೂರೂ ಸೇರಿ ಕೇಸುಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕಾರಣ ಖಚಿತವಾಗಿ ತಿಳಿದದ್ದು 1921ರಲ್ಲಿ. ಕೇಸನ್ನು ಹದವಾಗಿ ಕಾಯಿಸಿ ಒಳಗಿನ ಎಳೆತ ಇಳಿಸುವುದು ಅದಕ್ಕೆ ಪರಿಹಾರವಾಯಿತು. ಕೇಸನ್ನು ಒಣಗಿಸಿ ವಿಂಗಡಿಸಿ ಕೊಟ್ಟರೆ ಸಾಕು, ಹೊಳಪು ಕೊಡುವುದನ್ನು ತಯಾರಕರಿಗೆ ಬಿಡಿ.

ಏಳನೆಯ ಹೆಜ್ಜೆ: ಸಗಟು ಖರೀದಿ, ಶೇಖರಣೆ

ಒಂದು ತಂಡ ನಿಮ್ಮ ಕೋವಿಗೆ ಒಗ್ಗಿತು, ಗುರಿ ಚೆನ್ನಾಗಿ ಕೂತಿತು ಎಂದಾದರೆ ಅದೇ ತಂಡದ ಸಂಖ್ಯೆ ಹೇಳಿ, ಪರವಾನಗಿಯ ಮಿತಿಯೊಳಗೆ, ಸಾಧ್ಯವಾದಷ್ಟು ಕೊಳ್ಳಿ. ನಿಜವಾದ ಉಳಿತಾಯ ಶುರುವಾಗುವುದು ಇಲ್ಲಿಂದ. ಸಾಗಣೆ ವೆಚ್ಚ ಹಂಚಿಹೋಗುತ್ತದೆ, ಕೋವಿಯ ಗುರಿಯನ್ನು ಪದೇ ಪದೇ ಹೊಂದಿಸಲು ತೋಟಾ ವ್ಯರ್ಥವಾಗುವುದಿಲ್ಲ. ತಂಡ ಬದಲಾದರೆ ಮಾತ್ರ ನಾಲ್ಕನೆಯ ಹೆಜ್ಜೆಯಿಂದ ಮತ್ತೆ ಆರಂಭಿಸಬೇಕು, ಮಾರಾಟಗಾರರು ಹಳಬರೇ ಆಗಿದ್ದರೂ.

ತೋಟಾಗಳನ್ನು ಮೂಲ ಪೆಟ್ಟಿಗೆಯಲ್ಲೇ ಬೀಗ ಹಾಕಿದ ತಂಪಾದ, ಒಣಗಿದ ಜಾಗದಲ್ಲಿಡಿ. ಬಿಸಿಲಲ್ಲಿ ನಿಂತ ಕಾರು ಅವುಗಳಿಗೆ ತಕ್ಕ ಜಾಗವಲ್ಲ. ಎಣ್ಣೆ ಸವರುವ ಅಭ್ಯಾಸ ಬೇಡ. ಒಳನುಸುಳುವ ಎಣ್ಣೆಗಳು ಪ್ರೈಮರನ್ನು ಕೆಡಿಸುತ್ತವೆ. ಎರಡು ತಂಡಗಳನ್ನು ಒಂದೇ ಡಬ್ಬಿಗೆ ಸುರಿದರೆ ತೊಂದರೆ ಬಂದಾಗ ಯಾವುದನ್ನು ಹಿಂದಿರುಗಿಸಬೇಕೆಂದು ತಿಳಿಯುವುದಿಲ್ಲ.

ಮರುತುಂಬಿದ್ದನ್ನು ಬಳಸಬಾರದ ಸಂದರ್ಭಗಳೂ ಇವೆ. ಆತ್ಮರಕ್ಷಣೆಗೆ ಇಟ್ಟ ಕೋವಿಯಲ್ಲಿ ಹೆಸರಾಂತ ಕಾರ್ಖಾನೆಯ ಹೊಸ ತೋಟಾವೇ ಇರಲಿ. ವರ್ಷವಿಡೀ ತಯಾರಿ ನಡೆಸಿದ ಸ್ಪರ್ಧೆಯ ದಿನವೂ ಪರೀಕ್ಷಿಸಿ ಬಲ್ಲ ತಂಡವನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ.

ತೋಟಾ ಇಲ್ಲದೆಯೂ

ಉಳಿತಾಯದ ಮಾತು ಬಂದಾಗ ಇದನ್ನು ಬಿಡುವುದು ನನಗೆ ಸಾಧ್ಯವಿಲ್ಲ. ಟ್ರಿಗರ್ ಒತ್ತುವಾಗ ಮೂತಿ ಕದಲದಂತೆ ಹಿಡಿಯುವುದನ್ನು ಖಾಲಿ ಕೋವಿಯಲ್ಲೇ ಕಲಿಯಬಹುದು. ಕೋವಿ ಖಾಲಿ ಎಂದು ಎರಡು ಸಲ ಖಚಿತಪಡಿಸಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಸುರಕ್ಷಿತ ದಿಕ್ಕಿಗೆ ಹಿಡಿದು ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿ. ಚೇಂಬರಿನಲ್ಲಿ ಸ್ನ್ಯಾಪ್ ಕ್ಯಾಪ್ ಎಂಬ ಹುಸಿ ತೋಟಾ ಇದ್ದರೆ ಪಿನ್ನಿಗೂ ಒಳ್ಳೆಯದು; ಹಲವು ರಿಮ್‌ಫೈರ್ ಕೋವಿಗಳಲ್ಲಿ ಅದಿಲ್ಲದೆ ಖಾಲಿ ಒತ್ತಲೇಬಾರದು. .22 ಮರುತುಂಬಲು ಬಾರದಿದ್ದರೂ ಹೊಸದಾಗಿಯೇ ಅಗ್ಗವಾದ್ದರಿಂದ ಮೂಲ ಅಭ್ಯಾಸವನ್ನು ಅದರಲ್ಲಿ ನಡೆಸಿ, ದೊಡ್ಡ ತೋಟಾವನ್ನು ಹಿಂದೇಟಿನ ಹತೋಟಿ ಕಲಿಯಲು ಮೀಸಲಿಡುವುದು ಜಾಣತನ.

ಇನ್ನು ಸೀಸ. ಬಹುಪಾಲು ಪ್ರೈಮರುಗಳಲ್ಲಿ ಸೀಸದ ಸಂಯುಕ್ತವಿದೆ, ಹೊದಿಕೆಯಿಲ್ಲದ ಗುಂಡಿನಿಂದಲೂ ಸೀಸ ಬರುತ್ತದೆ, ಖಾಲಿ ಕೇಸುಗಳನ್ನು ಎತ್ತಿ ವಿಂಗಡಿಸುವವರ ಕೈಗೆ ಇನ್ನೂ ಹೆಚ್ಚು ಅಂಟುತ್ತದೆ. ಮೈದಾನದಲ್ಲಿ ಏನನ್ನೂ ತಿನ್ನಬೇಡಿ. ಕೆಲಸ ಮುಗಿದ ಕೂಡಲೇ ತಣ್ಣೀರು ಮತ್ತು ಸೋಪಿನಿಂದ ಕೈ, ಮುಖ ತೊಳೆಯಿರಿ. ಕೇಸುಗಳ ಡಬ್ಬಿಯನ್ನು ಅಡುಗೆಮನೆಗೆ ತರಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಭ್ಯಾಸಕ್ಕೆ ಹಾಕಿಕೊಂಡ ಬಟ್ಟೆಯನ್ನು ಮನೆಯವರ ಬಟ್ಟೆಗಳ ಜೊತೆ ಒಗೆಯಬಾರದು.